ನಾಲ್ಕನೇ ಮಹಡಿಯ ಮುಯ್ಯಾಳು

ಆಗ ನನಗೆ ಅರವತ್ತೆರಡು. ಏಳು ವರ್ಷದ ಹಿಂದಿನ ಮಾತು. ಕಸದ ಚೀಲ ಹಿಡಿದು ಒಳಗೆ ಹೋದ ನನ್ನನ್ನು ಕಂಡು ಒಬ್ಬ ಹೆಣ್ಣು ಪ್ರೊಫೆಸರ್ ಕುರ್ಚಿಯಿಂದ ಎದ್ದು ನಿಂತರು.

ನಾನು ಹಿಂದೆ ತಿರುಗಿ ನೋಡಿದೆ. ಯಾರೋ ದೊಡ್ಡವರು ಬಂದಿರಬೇಕು ಅಂದುಕೊಂಡೆ. ಯಾರೂ ಇರಲಿಲ್ಲ. ಲಂಡನ್ನಿನ ಆ ವಿಶ್ವವಿದ್ಯಾಲಯದಲ್ಲಿ ಕಸ ತೆಗೆಯಲು ಹತ್ತಿ ನನಗೆ ಆಗಲೇ ಐದು ವರ್ಷ ದಾಟಿತ್ತು. ಅದರ ಹೆಸರು ಬರೆಯುವುದಿಲ್ಲ, ಅವರಿಗೂ ಬೇಡ ನನಗೂ ಬೇಡ. ಬೆಳಗಿನ ಐದರಿಂದ ಒಂಬತ್ತರವರೆಗೆ ಶಿಫ್ಟು. ಬೇಗ ಬಂದು ಕೂತಿರುವ ಕಲಿಸುವವರು ನನ್ನನ್ನು ಕಂಡರೆ ಕಾಲು ಎತ್ತುತ್ತಿದ್ದರು. ಕಾಲು ಎತ್ತಿದರೆ ಹೂವರ್ ಹೊಡೆಯಲು ಅನುಕೂಲ. ಹೂವರ್ ಅಂದರೆ ಕಸ ಹೀರುವ ಯಂತ್ರ. ಎದ್ದು ನಿಂತವರನ್ನು ಏನು ಮಾಡಬೇಕೋ ನನಗೆ ಗೊತ್ತಿರಲಿಲ್ಲ.

ಕೂತುಕೊಳ್ಳಿ, ಟೇಬಲ್ ಕೆಳಗೆ ಗುಡಿಸಬೇಕು ಅಂದೆ. ಅವರು ಕೂಡಲಿಲ್ಲ. ತಾವೇ ಬಿನ್ ಎತ್ತಿ ಕೊಟ್ಟರು. ಹೆಸರು ಕೇಳಿದರು. ಕಂಪನಿಯವರು ನನ್ನ ಬ್ಯಾಡ್ಜಿನ ಮೇಲೆ ನೀನಾ ಎಂದು ಬರೆಸಿದ್ದರು. ಅದಲ್ಲ, ನಿಂಗವ್ವ ಅಂದೆ. ನಾಲ್ಕು ಸಲ ಹೇಳಿಸಿಕೊಂಡು ಐದನೇ ಸಲಕ್ಕೆ ಸರಿಯಾಗಿ ಅಂದರು. ಅದರಿಂದ ನನಗೆ ವಿಶೇಷ ಸಂತೋಷವೇನೂ ಆಗಲಿಲ್ಲ. ಇನ್ನೂ ಹದಿನೇಳು ಕೋಣೆ ಉಳಿದಿದ್ದವು.

ಈ ದೇಶಕ್ಕೆ ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಬೆಳಗಾವಿಯ ಒಂದು ಮನೆಯವರು ಇಲ್ಲಿ ಕೆಲಸಕ್ಕೆ ಬಂದರು, ಅವರ ಕೂಸು ನೋಡಿಕೊಳ್ಳಲು ನಾನು ಬಂದೆ. ನನಗೆ ಆಗ ಐವತ್ತೊಂದು. ಗಂಡ ತೀರಿಕೊಂಡಿದ್ದ. ಮಗಳು ಮಾದೇವಿಯನ್ನು ಬಾಗಲಕೋಟೆಗೆ ಕೊಟ್ಟಾಗಿತ್ತು. ಕೂಸು ಎಲ್ಲಿಯದಾದರೂ ಕೂಸೇ ಅಂದುಕೊಂಡು ವಿಮಾನ ಹತ್ತಿದೆ. ಮನೆ ಇದ್ದದ್ದು ಎಜ್‌ವೇರ್‌ನಲ್ಲಿ. ನೆಲದೊಳಗಿನ ರೈಲಿಗೆ ಇಲ್ಲಿಯವರು ಟ್ಯೂಬ್ ಅನ್ನುತ್ತಾರೆ, ಅದು ಎಜ್‌ವೇರ್‌ಗೆ ಬಂದು ಮುಗಿಯುತ್ತದೆ. ಎಲ್ಲರೂ ಇಳಿಯಲೇಬೇಕು. ಓದಲು ಬಾರದ ನನಗೆ ಅದು ಒಳ್ಳೆಯದೇ ಆಯಿತು. ನಡುವೆ ಒಂದು ಕಡೆ ಮಾತ್ರ ಆ ರೈಲು ಕವಲೊಡೆಯುತ್ತದೆ. ಒಮ್ಮೆ ತಪ್ಪು ಕವಲಿಗೆ ಹೋಗಿ, ಅಲ್ಲಿಯ ಕೊನೆಗೂ ಇಳಿದು, ಇದೂ ಎಜ್‌ವೇರೇ ಇರಬೇಕು ಎಂದು ಅರ್ಧ ಗಂಟೆ ನಮ್ಮ ಮನೆ ಹುಡುಕಿದೆ. ಮನೆಗಳೂ ಒಂದೇ ಥರ, ಬಾಗಿಲುಗಳೂ ಒಂದೇ ಥರ.

ನಮ್ಮ ಕಡೆ ಮನೆ ಮುಂದೆ ಕಟ್ಟೆ ಇರುತ್ತದೆ. ಕಟ್ಟೆಯ ಮೇಲೆ ಕೂತವರು ಹೋಗಿ ಬರುವವರನ್ನು ಮಾತಾಡಿಸುತ್ತಾರೆ. ಇಲ್ಲಿ ಕಟ್ಟೆಯ ಜಾಗದಲ್ಲಿ ಬಿನ್ ಇರುತ್ತದೆ. ಎದುರು ಮನೆಯಾಕೆ ನನ್ನ ಜೊತೆ ಮೊದಲ ಮಾತು ಆಡಿದ್ದು ಹನ್ನೊಂದು ತಿಂಗಳ ಮೇಲೆ, ಅದೂ ನಾನು ಬಾಳೆಹಣ್ಣಿನ ಸಿಪ್ಪೆಯನ್ನು ರದ್ದಿ ಕಾಗದದ ಬಿನ್ನಿಗೆ ಹಾಕಿದ್ದಕ್ಕೆ.

ಇಲ್ಲಿ ಎಲ್ಲದಕ್ಕೂ ಥ್ಯಾಂಕ್ಸ್. ಬಸ್ಸು ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್, ಬಾಗಿಲು ಹಿಡಿದವರಿಗೆ ಥ್ಯಾಂಕ್ಸ್. ಬಹಳ ದಿನ ಅದು ನನ್ನ ಬಾಯಿಗೆ ಬರಲಿಲ್ಲ. ನಮ್ಮ ಹಳ್ಳಿಯಲ್ಲಿ ಯಾರಾದರೂ ಒಂದು ಕೆಲಸ ಮಾಡಿಕೊಟ್ಟರೆ ಬಾಯಿ ಮಾತು ಹೇಳುವುದಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡು, ಹೊತ್ತು ಬಂದಾಗ ಹೋಗಿ ಅವರ ಕೆಲಸ ಮಾಡಿ ಬರುತ್ತೇವೆ. ಥ್ಯಾಂಕ್ಸ್ ಎಂದರೆ ಅಲ್ಲಿಗೆ ಮುಗಿಯಿತು, ಇನ್ನು ನಿನ್ನ ದಾರಿ ನಿನಗೆ ಅಂದ ಹಾಗೆ ನನಗೆ ಕೇಳುತ್ತಿತ್ತು. ಈಗ ನಾನೂ ಅನ್ನುತ್ತೇನೆ. ಚಟ ಹತ್ತಿದೆ.

ಐದು ವರ್ಷಕ್ಕೆ ಕೂಸು ಶಾಲೆಗೆ ಹೋಯಿತು. ನಾನು ಕನ್ನಡದಲ್ಲಿ ಕೇಳಿದರೆ ಅದು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿತ್ತು. ನನ್ನ ಇಂಗ್ಲಿಷ್ ಬಂದದ್ದು ಹಾಗೆ. ಅಷ್ಟರಲ್ಲಿ ಇಲ್ಲಿ ಕಾಯಂ ಇರಲು ನನಗೆ ಕಾಗದ ಸಿಕ್ಕಿತ್ತು. ಇನ್ನು ನಿಮ್ಮ ಅಗತ್ಯ ಬೀಳುವುದಿಲ್ಲ ಎಂದು ಮನೆಯವರು ಮರ್ಯಾದೆಯಿಂದಲೇ ಹೇಳಿದರು. ಅದೇ ಎಜ್‌ವೇರ್‌ನಲ್ಲಿ ಒಂದು ಕೋಣೆ ಹಿಡಿದೆ, ನಾಲ್ಕು ಜನಕ್ಕೆ ಒಂದು ಅಡಿಗೆಮನೆ. ಕ್ಲೀನಿಂಗ್ ಕಂಪನಿ ಸೇರಿದೆ. ಕೆಂಪು ಮಾಪ್ ಕಕ್ಕಸಿಗೆ, ನೀಲಿ ಕೋಣೆಗಳಿಗೆ, ಹಸಿರು ಅಡಿಗೆಮನೆಗೆ. ಓದಲು ಬಾರದವರಿಗೆ ಈ ದೇಶ ಮಾಡಿದ ದೊಡ್ಡ ಉಪಕಾರ ಅದು.

ಮೂರನೇ ಮಹಡಿ ಫಿಲೋಮಿನಾಳದು, ನಾಲ್ಕನೆಯದು ನನ್ನದು, ಕೆಳಗಿನ ದೊಡ್ಡ ಮೀಟಿಂಗ್ ಕೋಣೆಯೂ ನನ್ನ ಪಾಲಿಗೆ. ಫಿಲೋಮಿನಾ ಮೂಲ ಗೋವಾದವಳು, ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ. ನಲವತ್ತರ ಆಸುಪಾಸು. ಬಾಯಿ ಚುರುಕು, ಹುಬ್ಬಳ್ಳಿಯ ಮಾತು ಹಾಗೇ ಉಳಿದಿತ್ತು. ಚಿಕ್ಕ ಮಕ್ಕಳಿಗೆ ಕಲಿಸುವ ಟೀಚರ್ ಆಗಬೇಕು ಎಂಬುದು ಅವಳ ಆಸೆ. ಅವಳು ಓದಿದ ಹತ್ತನೇ ಕ್ಲಾಸಿಗೆ ಇಲ್ಲಿ ಬೆಲೆ ಇರಲಿಲ್ಲ.

ಎದ್ದು ನಿಂತ ಆ ಪ್ರೊಫೆಸರರ ಹೆಸರು ಸೊಕೊರೊ. ಮುಂದೆ ಶಾಲೆಗಳಲ್ಲಿ ಕಲಿಸಲು ಹೋಗುವವರಿಗೆ ಅವರು ಕಲಿಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ನಾನೂ ಹಾಗೇ ಕರೆದೆ. ಅವರು ನನ್ನನ್ನು ದೋನ್ಯಾ ನಿಂಗವ್ವ ಅನ್ನುತ್ತಿದ್ದರು, ಅವರ ಸ್ಪ್ಯಾನಿಷ್ ಮಾತಿನಲ್ಲಿ ದೋನ್ಯಾ ಎಂದರೆ ಹಿರಿಯ ಹೆಂಗಸಿಗೆ ಮರ್ಯಾದೆ. ಮೈಬಣ್ಣ ನೋಡಿ, ನೀವು ಇಂಡಿಯಾದವರೇ ಎಂದು ಕೇಳಿದ್ದೆ. ಅಲ್ಲ, ಚಿಕಾನಾ ಅಂದರು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಮೆಕ್ಸಿಕೊ ಮೂಲದವರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ, ಗಂಡಸಾದರೆ ಚಿಕಾನೊ. ಮೊದಲು ಅದು ಬೈಯುವ ಮಾತಾಗಿತ್ತಂತೆ. ಇವರೇ ಅದನ್ನು ಎತ್ತಿಕೊಂಡು ಹೆಸರು ಮಾಡಿಕೊಂಡರು.

ಅಕ್ಕೋರ ತಂದೆಯ ಕಡೆಯವರು ಟೆಕ್ಸಸ್ ಎಂಬಲ್ಲಿ ಒಂದು ಹೊಳೆಯ ದಂಡೆಯವರು. ಅವರು ಇದ್ದಲ್ಲೇ ಇದ್ದರು, ಯುದ್ಧವಾಗಿ ದೇಶದ ಗಡಿ ಅವರ ಊರು ದಾಟಿ ಆಚೆ ಸರಿಯಿತು. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಅವರ ತಂದೆಗೆ ಹಲಗೆಯಿಂದ ಹೊಡೆಯುತ್ತಿದ್ದರಂತೆ. ಇದನ್ನು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ನಾನು ಹುಟ್ಟಿದ್ದು ಸಾಂಗಲಿ ಕಡೆಯ ಹಳ್ಳಿಯಲ್ಲಿ. ಮನೆಯಲ್ಲಿ, ಹೊಲದಲ್ಲಿ, ಗುಡಿಯಲ್ಲಿ ಎಲ್ಲ ಕನ್ನಡ. ಗೆರೆ ಎಳೆದವರು ನಮ್ಮನ್ನು ಮಹಾರಾಷ್ಟ್ರಕ್ಕೆ ಸೇರಿಸಿದರು. ಶಾಲೆ ಮರಾಠಿ. ಮಾಸ್ತರರು ಮರಾಠಿಯಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಎರಡನೇ ಇಯತ್ತೆಯ ಅರ್ಧ ವರ್ಷ ಬೆಂಚಿನ ಮೇಲೆ ನಿಂತು, ಆಮೇಲೆ ಎಮ್ಮೆ ಕಾಯಲು ಹೋದೆ. ನಿಮ್ಮಪ್ಪನಿಗೆ ಪೆಟ್ಟು, ನನಗೆ ಬೆಂಚು ಅಂದೆ. ಇಬ್ಬರೂ ನಕ್ಕೆವು.

ಅವರ ತಾಯಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದ್ರಾಕ್ಷಿ ಬಿಡಿಸಿ, ಸಂಜೆ ಶಾಲೆಯ ಕಸ ಗುಡಿಸುತ್ತಿದ್ದಳು. ಇವರು ಅದೇ ಶಾಲೆಯ ಬೆಂಚಿನಡಿ ಕೂತು ಲೆಕ್ಕ ಮಾಡುತ್ತಿದ್ದರು. ಅಮ್ಮ ಒಳಗೆ ಬಂದಾಗ ಯಾರೂ ತಲೆ ಎತ್ತುತ್ತಿರಲಿಲ್ಲ, ಅದಕ್ಕೆ ನಾನು ಏಳುತ್ತೇನೆ ಅಂದರು. ಅವರಂಥ ಚಿಕಾನೊ ಕಲಿಸುವವರು ಅಮೆರಿಕದಲ್ಲಿ ಬಹಳ ಇದ್ದಾರಂತೆ, ಹೊಲದ ಆಳುಗಳ ಮಕ್ಕಳನ್ನು ವಿಶ್ವವಿದ್ಯಾಲಯದೊಳಗೆ ತರುವುದು, ತಂದ ಮೇಲೆ ಅವರು ಅರ್ಧಕ್ಕೆ ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದು ಅವರ ಜೀವಮಾನದ ಕೆಲಸ. ಒಳಗೆ ಇದ್ದವರಿಗೆ ಕಲಿಸುವುದು ಅರ್ಧ ಕೆಲಸ, ಬಾಗಿಲ ಹೊರಗೆ ನಿಂತವರನ್ನು ಒಳಗೆ ಕರೆಯುವುದು ಇನ್ನರ್ಧ ಎಂದು ಅಕ್ಕೋರು ಹೇಳುವರು. ಇಲ್ಲಿ ಬಾಗಿಲ ಹೊರಗೆ ನಿಂತವರು ನಾವು.

ಅದಕ್ಕಾಗಿ ಅವರು ಶನಿವಾರ ಬೆಳಿಗ್ಗೆ ಒಂದು ಕ್ಲಾಸು ನಡೆಸುತ್ತಿದ್ದರು. ಕ್ಲೀನರುಗಳು, ಕ್ಯಾಂಟೀನಿನವರು, ವ್ಯಾನು ಓಡಿಸುವವರು ಬರುತ್ತಿದ್ದರು. ಅಲ್ಲಿ ತಯಾರಾದವರಿಗೆ ಸರ್ಟಿಫಿಕೇಟ್ ಇಲ್ಲದಿದ್ದರೂ ವಿಶ್ವವಿದ್ಯಾಲಯದ ಮೊದಲ ಮೆಟ್ಟಿಲಿನ ಒಂದು ವರ್ಷದ ಕೋರ್ಸಿಗೆ ಸೇರಲು ದಾರಿ ಇತ್ತು. ಫಿಲೋಮಿನಾ ಅದಕ್ಕೇ ಬರುತ್ತಿದ್ದಳು. ನಾನು ಇಂಗ್ಲಿಷ್ ಅಕ್ಷರ ಕಲಿಯೋಣ ಎಂದು ಹೋದೆ. ಅಕ್ಕೋರು, ಮೊದಲು ನಿಮ್ಮ ಮಾತಿನ ಅಕ್ಷರ ಕಲಿಯಿರಿ, ಇಂಗ್ಲಿಷ್ ತಾನಾಗಿ ಹಿಂದೆ ಬರುತ್ತದೆ ಅಂದರು. ಲಂಡನ್ನಿಗೆ ಬಂದು ಕನ್ನಡ ಕಲಿಯಬೇಕೇ ಎಂದು ಕೇಳಿದೆ. ಹೌದು ಅಂದರು. ಕಲಿಸುವ ಕೆಲಸ ಫಿಲೋಮಿನಾಳಿಗೆ ಬಿತ್ತು. ಹೀಗೆ ಗೋವಾದ ಕ್ರೈಸ್ತರವಳು, ಅಮೆರಿಕದವರ ಕ್ಲಾಸಿನಲ್ಲಿ, ಅರವತ್ತೆರಡು ವರ್ಷದ ನನಗೆ ಕನ್ನಡದ ಅ ಆ ತಿದ್ದಿಸಿದಳು. ಇದನ್ನು ಬರೆಯುತ್ತಿರುವುದು ಆ ಅಕ್ಷರದಿಂದ. ತಪ್ಪಿದ್ದರೆ ಅಚ್ಚು ಮಾಡುವವರು ತಿದ್ದಿಕೊಳ್ಳಲಿ.

ಊಟದ ಡಬ್ಬಿಯನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದೆವು. ನನ್ನದು ಜೋಳದ ರೊಟ್ಟಿ. ಗುಜರಾತಿ ಅಂಗಡಿಯ ಹಿಟ್ಟು ಹಳೆಯದಿರುತ್ತದೆ, ಜಿಗಿ ಇರುವುದಿಲ್ಲ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಅಕ್ಕೋರದು ತೋರ್ತಿಯಾ, ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ರುಬ್ಬಿ ಕೈಯಲ್ಲಿ ತಟ್ಟಿದ್ದು. ಚೆನ್ನಾಗಿತ್ತು. ಮೆಕ್ಕೆಜೋಳಕ್ಕೆ ನಮ್ಮ ಕಡೆ ಗೋವಿನಜೋಳ ಅನ್ನುತ್ತಾರೆ, ಎಂದರೆ ದನ ತಿನ್ನುವ ಜೋಳ ಅಂದ ಹಾಗೆ. ಅದನ್ನು ನಾನು ಅವರಿಗೆ ಹೇಳಲಿಲ್ಲ.

ಒಂದು ದಿನ ಅಕ್ಕೋರು ತಮ್ಮ ದೊಡ್ಡ ಕ್ಲಾಸಿಗೆ ಬಂದು ಒಂದು ತಾಸು ಕಲಿಸಿರಿ ಅಂದರು. ನನಗೇನು ಗೊತ್ತು ಎಂದೆ. ಐದು ವರ್ಷ ಈ ಕಟ್ಟಡದ ಕಸ ತೆಗೆದಿದ್ದೀರಿ, ನಿಮಗಿಂತ ಹೆಚ್ಚು ಇದರ ಬಗ್ಗೆ ಯಾರಿಗೆ ಗೊತ್ತು ಅಂದರು. ಆಯಿತು ಎಂದು ಶಿಫ್ಟು ಮುಗಿಸಿ ಎರಡು ಚೀಲ ಕಸ ಹೊತ್ತುಕೊಂಡೇ ಹೋದೆ. ಮೇಜಿನ ಮೇಲೆ ಕಾಗದ ಹಾಸಿ ಸುರಿದೆ. ಹುಡುಗರು ನಕ್ಕರು. ಇದು ದೊಡ್ಡ ಮೀಟಿಂಗ್ ಕೋಣೆಯದು, ನೋಡಿ, ಕಚ್ಚದೇ ಬಿಟ್ಟ ಸ್ಯಾಂಡ್‌ವಿಚ್ಚುಗಳು ಎಂದೆ. ಇದು ನಾಲ್ಕನೇ ಮಹಡಿಯ ಓದುವ ಕೋಣೆಯದು, ಮೂರು ಸಲ ಅದ್ದಿ ಬಣ್ಣ ಹೋದ ಟೀ ಚೀಲ, ಒಂದು ನೂಡಲ್ಸಿನ ಡಬ್ಬಿ, ಹಿಂಡಿ ಮುಗಿಸಿದ ಹಲ್ಲಿನ ಪೇಸ್ಟು. ಓದುವ ಕೋಣೆಯಲ್ಲಿ ಯಾರು ಹಲ್ಲು ಉಜ್ಜುತ್ತಾರೆ? ಅಲ್ಲಿ ಯಾರೋ ಮಲಗುತ್ತಾರೆ. ನಿಮ್ಮ ಜೊತೆಯವರೇ. ನೀವು ಟೀಚರ್ ಆಗುವವರು, ಮಕ್ಕಳ ಪುಸ್ತಕ ನೋಡುವ ಮೊದಲು ಅವರ ಬುಟ್ಟಿ ನೋಡಿ.

ನಗು ನಿಂತಿತು. ಹಿಂದಿನ ಸಾಲಿನ ಒಬ್ಬಳು ಎದ್ದು ಹೊರಗೆ ಹೋದಳು. ಯಾಕೆ ಹೋದಳು ಎಂದು ನಾನು ಕೇಳಲಿಲ್ಲ. ಅಕ್ಕೋರು ಹಿಂದೆ ಹೋಗಿ ಕೇಳಿದರು. ಆ ಹುಡುಗಿಗೆ ಮುಂದಿನ ವಾರ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು.

ಕ್ಲಾಸು ಮುಗಿದ ಮೇಲೆ ಅಕ್ಕೋರು ಒಂದು ಲಕೋಟೆ ಕೊಟ್ಟರು. ಒಳಗೆ ಅಂಗಡಿಯಲ್ಲಿ ಸಾಮಾನು ಕೊಳ್ಳುವ ಕಾರ್ಡು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಬೇಡ ಎಂದು ವಾಪಸು ಕೊಟ್ಟೆ.

"ದೋನ್ಯಾ ನಿಂಗವ್ವ, ಇದು ನಿಮ್ಮ ಹಕ್ಕು. ಯಾರನ್ನೂ ಪುಕ್ಕಟೆ ದುಡಿಸಿಕೊಳ್ಳಬಾರದು ಅಂತ ನಾನು ಕಲಿಸುವವಳು."

"ಪುಕ್ಕಟೆ ಯಾರು ಬಂದರು? ನಾನು ನಿಮ್ಮ ಹೊಲಕ್ಕೆ ಬಂದೆ. ಈಗ ನೀವು ನನ್ನ ಹೊಲಕ್ಕೆ ಬರಬೇಕು."

ಮುಯ್ಯಾಳು ಎಂಬುದನ್ನು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಕಳೆ ತೆಗೆಯುವಾಗ, ಜೋಳ ಕೊಯ್ಯುವಾಗ ಒಂದು ದಿನ ನಾವು ಅವರ ಹೊಲಕ್ಕೆ ಹೋಗುತ್ತೇವೆ, ಇನ್ನೊಂದು ದಿನ ಅವರು ನಮ್ಮ ಹೊಲಕ್ಕೆ ಬರುತ್ತಾರೆ. ಕೂಲಿ ಇಲ್ಲ. ಕೈಗೆ ಕೈ. ಕೂಲಿ ಕೊಟ್ಟರೆ ನೀನು ಆಳು, ಮುಯ್ಯಿ ಬಂದರೆ ನೀನು ಸರೀಕಳು. ಅಕ್ಕೋರು ಲಕೋಟೆಯನ್ನು ಜೇಬಿಗೆ ಹಾಕಿಕೊಂಡರು. ಅವರ ತಾಯಿಯ ತಾಯಿ ಮೆಕ್ಸಿಕೊದ ಗುಡ್ಡಗಾಡಿನವಳು, ಅವಳ ಊರಿನಲ್ಲೂ ಇದೇ ಪದ್ಧತಿ ಇತ್ತಂತೆ. ಮಾನೊ ವುಯೆಲ್ತಾ ಎಂದು ಅದರ ಹೆಸರು, ತಿರುಗಿ ಬರುವ ಕೈ ಎಂದು ಅರ್ಥ. ಅಜ್ಜಿ ಸತ್ತ ಮೇಲೆ ಆ ಮಾತು ಕೇಳಿಯೇ ಇರಲಿಲ್ಲ ಅಂದರು. ಆಮೇಲೆ, ಯಾವ ದಿನ ಎಂದು ಕೇಳಿದರು.

ಗುರುವಾರ ಐದಕ್ಕೆ, ಹಳೆ ಬಟ್ಟೆ ಹಾಕಿಕೊಂಡು ಬನ್ನಿ ಎಂದೆ.

ಬಂದರು. ದೊಡ್ಡ ಕ್ಲಾಸಿನ ಮೂವರು ತಾವಾಗಿ ಜೊತೆಗೆ ಬಂದಿದ್ದರು. ನಾಲ್ಕನೇ ಮಹಡಿಗೆ ನಾವು ಐದು ಜನ. ಹುಡುಗರಿಗೆ ಏನೂ ಬರುತ್ತಿರಲಿಲ್ಲ, ಒದ್ದೆ ನೆಲದ ಮೇಲೆ ತಾವೇ ನಡೆಯುತ್ತಿದ್ದರು. ಅಕ್ಕೋರ ಕೈ ಮಾತ್ರ ಪಳಗಿದ ಕೈ. ಕಕ್ಕಸನ್ನು ಮೊಣಕಾಲೂರಿ ತಿಕ್ಕಿದರು. ಫಿಲೋಮಿನಾ ಕೆಳಗಿನಿಂದ ಹತ್ತಿ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು.

"ನಿಂಗಕ್ಕ, ಪಿಎಚ್‌ಡಿ ಮಾಡಿದ ಮಾಪ್ ನೋಡ ಬೇ, ಮೂಲಿ ಬಿಟ್ಟ ಹೊಂಟೈತಿ."

ಏನಂದಳು ಎಂದು ಅಕ್ಕೋರು ಕೇಳಿದರು. ಹೇಳಿದೆ. ನಗುತ್ತ ವಾಪಸು ಹೋಗಿ ಮೂಲೆ ಒರೆಸಿದರು. ಈ ದೇಶಕ್ಕೆ ಬಂದ ಮೇಲೆ ನನ್ನ ಕೆಲಸ ಒಂದು ತಾಸು ಮೊದಲೇ ಮುಗಿದದ್ದು ಅವತ್ತೊಂದೇ ದಿನ. ಮೆಟ್ಟಿಲ ಮೇಲೆ ಕೂತು ಎಲ್ಲರೂ ಚಹಾ ಕುಡಿದೆವು.

ಹುಡುಗರಲ್ಲಿ ಒಬ್ಬ ಫೋಟೊ ತೆಗೆದು ಫೋನಿನಲ್ಲಿ ಊರಿಗೆಲ್ಲ ಕಾಣುವಂತೆ ಹಾಕಿದ. ಪ್ರೊಫೆಸರ್ ಮೊಣಕಾಲೂರಿ ಕಕ್ಕಸು ತೊಳೆಯುತ್ತಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದ. ಎರಡು ದಿನದಲ್ಲಿ ಮೇಲಿನವರು ನೋಡಿದರು. ಅಕ್ಕೋರಿಗೆ ಕಾಗದ ಬಂತು. ಅನುಮತಿ ಇಲ್ಲದೆ ವಿದ್ಯಾರ್ಥಿಗಳಿಂದ ಕಕ್ಕಸು ತೊಳೆಯುವ ಔಷಧಿ ನೀರು ಮುಟ್ಟಿಸಿದ್ದು ಒಂದು ತಕರಾರು. ತಮ್ಮ ಹೆಸರಿಗಾಗಿ, ಫೋಟೊಗಾಗಿ ಬಡ ಕ್ಲೀನರುಗಳನ್ನು ಬಳಸಿಕೊಂಡರು ಎಂಬುದು ಇನ್ನೊಂದು, ಅದೇ ದೊಡ್ಡದು. ಅಕ್ಕೋರ ಕೆಲಸ ಮೂರು ವರ್ಷದ ಕರಾರಿನದು, ಆ ಬೇಸಿಗೆಗೆ ಮುಗಿಯುತ್ತಿತ್ತು. ಅವರನ್ನು ಮುಂದುವರಿಸುವುದೋ ಬಿಡುವುದೋ, ಶನಿವಾರದ ಕ್ಲಾಸು ಇರುವುದೋ ಮುಚ್ಚುವುದೋ, ಎಲ್ಲ ಒಂದೇ ಮೀಟಿಂಗಿನಲ್ಲಿ ತೀರ್ಮಾನ ಎಂದು ಬರೆದಿತ್ತು.

ಫಿಲೋಮಿನಾ ಕ್ಲೀನರುಗಳ ಕೋಣೆಯ ಬಾಗಿಲು ಹಾಕಿ ನನ್ನ ಮುಂದೆ ನಿಂತಳು.

"ನಿನ್ನ ಹೊಲ ಯಾರ ಕೇಳಿದ್ರ ಇಲ್ಲೆ? ಆ ಕಾರ್ಡ್ ತೊಗೊಂಡು ಅಕ್ಕಿ ತಂದಿದ್ರ ಮುಗೀತಿತ್ತು. ಕ್ಲಾಸ್ ಬಂದ್ ಆತಂದ್ರ ನಾ ಸಾಯೂತನಾ ಇದ ಬಕೀಟ್ ಹಿಡೀಬೇಕು, ತಿಳೀತಿಲ್ಲೊ ನಿನಗ?"

ಅವಳು ಹೇಳಿದ್ದು ಖರೆ ಇತ್ತು. ಆ ಮೇಲೆ ಎರಡು ವಾರ ಅವಳು ನನ್ನ ಜೊತೆ ಮಾತು ಬಿಟ್ಟಳು. ನನ್ನ ಅಕ್ಷರ ಕಲಿಕೆ ಒತ್ತಕ್ಷರಕ್ಕೆ ಬಂದು ನಿಂತಿತು.

ಮೀಟಿಂಗಿಗೆ ನನ್ನನ್ನೂ ಕರೆದರು. ಅಕ್ಕೋರು ಮೊದಲೇ ಬಂದು, ನಾನು ನನ್ನ ಇಷ್ಟದಿಂದಲೇ ಬಂದೆ ಎಂದು ಬರೆದುಕೊಟ್ಟಿದ್ದೇನೆ, ನೀವು ಏನೂ ಹೇಳಬೇಡಿ, ಕರೆದದ್ದು ನೀವು ಎಂದು ಗೊತ್ತಾದರೆ ಕಂಪನಿ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ ಅಂದರು. ಕಂಪನಿಯ ಸೂಪರ್‌ವೈಸರ್ ಗ್ಯಾರಿಯೂ ಅದನ್ನೇ ಅಂದ. ನೀನಾ, ಅವರು ಬರುವುದು ನಿನಗೆ ಗೊತ್ತೇ ಇರಲಿಲ್ಲ ಅನ್ನು, ಮುಗಿಯಿತು. ಲೆಕ್ಕ ಸರಳ. ನಾನು ಸುಮ್ಮನಿದ್ದರೆ ಅಕ್ಕೋರು ಫೋಟೊಗಾಗಿ ಬಂದವರಾಗುತ್ತಾರೆ. ನಾನು ಕರೆದೆ ಅಂದರೆ ಆ ತಕರಾರು ಬೀಳುತ್ತದೆ, ನನ್ನ ಕೆಲಸವೂ ಬೀಳುತ್ತದೆ.

ಮೀಟಿಂಗ್ ನಡೆದದ್ದು ಸ್ಯಾಂಡ್‌ವಿಚ್ಚುಗಳ ಆ ದೊಡ್ಡ ಕೋಣೆಯಲ್ಲಿ. ಆ ಟೇಬಲನ್ನು ಐದು ವರ್ಷ ಒರೆಸಿದ್ದೆ, ಕೂತದ್ದು ಅವತ್ತೇ. ಕುರ್ಚಿ ಮೆತ್ತಗಿತ್ತು. ಎದುರಿಗೆ ಐದು ಜನ. ಅಕ್ಕೋರು ಪಕ್ಕಕ್ಕೆ ಕೂತಿದ್ದರು, ನನ್ನನ್ನು ನೋಡಿ ಎದ್ದು ನಿಂತರು. ನನಗಾಗಿ ಫೋನಿನಲ್ಲಿ ಒಬ್ಬ ಹಿಂದಿ ದುಭಾಷಿಯನ್ನು ತಯಾರು ಇಟ್ಟಿದ್ದರು. ನನಗೆ ಹಿಂದಿ ಬರುವುದಿಲ್ಲ, ನನ್ನ ಒಡಕು ಇಂಗ್ಲಿಷೇ ಸಾಕು ಎಂದೆ. ನಡುವೆ ಕೂತ ಬಿಳಿ ಕೂದಲಿನಾಕೆ, ಪ್ರೊಫೆಸರ್ ನಿಮ್ಮ ಮೇಲೆ ಒತ್ತಾಯ ಮಾಡಿದರೇ ಎಂದು ಮೆಲ್ಲಗೆ ಕೇಳಿದಳು.

"ಇಲ್ಲ. ನಾನು ಅವರ ಮೇಲೆ ಒತ್ತಾಯ ಮಾಡಿದೆ. ಅವರು ಕಾರ್ಡ್ ಕೊಟ್ಟರು, ನಾನು ತೆಗೆದುಕೊಳ್ಳಲಿಲ್ಲ. ಬಂದು ಕೆಲಸ ಮಾಡಿ ಅಂದೆ. ನಮ್ಮಲ್ಲಿ ಹಾಗೇ."

ಗ್ಯಾರಿ ಗೋಡೆಯ ಕಡೆ ನೋಡಿದ. ಅಕ್ಕೋರು ಕಣ್ಣು ಮುಚ್ಚಿಕೊಂಡರು. ಆಕೆ ಏನೋ ಬರೆದುಕೊಂಡು, ಆ ಔಷಧಿ ನೀರಿನಿಂದ ಅಪಾಯ ಆಗಬಹುದು ಎಂದು ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದಳು.

"ಗೊತ್ತು. ಐದು ವರ್ಷ ಅದೇ ನೀರಿನಲ್ಲಿ ನನ್ನ ಕೈ ಇದೆ. ನನ್ನ ಅಪಾಯ ಕೇಳಲು ಇಷ್ಟು ಜನ ಯಾವತ್ತೂ ಕೂತಿರಲಿಲ್ಲ."

ನಾನು ಗದರುವ ದನಿಯಲ್ಲಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದೆ. ಕೊನೆಗೆ ಒಬ್ಬ ಮುದುಕ, ಕ್ಲಾಸಿನಲ್ಲಿ ನೀವು ಏನು ಕಲಿಸಿದಿರಿ ಎಂದು ಕೇಳಿದ. ಈ ಕೋಣೆಯ ಬುಟ್ಟಿಯಲ್ಲಿ ಏನಿರುತ್ತದೆ, ನಾಲ್ಕನೇ ಮಹಡಿಯ ಬುಟ್ಟಿಯಲ್ಲಿ ಏನಿರುತ್ತದೆ, ಅದನ್ನು ಕಲಿಸಿದೆ ಎಂದೆ. ಅವನು ಬಾಗಿ ಟೇಬಲ್ ಕೆಳಗಿನ ಬುಟ್ಟಿ ನೋಡಿದ. ಅವತ್ತು ಅದರಲ್ಲಿ ಏನೂ ಇರಲಿಲ್ಲ, ಬೆಳಿಗ್ಗೆ ನಾನೇ ಖಾಲಿ ಮಾಡಿದ್ದೆ.

ಒಂದು ವಾರಕ್ಕೆ ತೀರ್ಮಾನ ಬಂತು. ಫೋಟೊದ ತಕರಾರು ಕೈಬಿಟ್ಟರು. ಅಕ್ಕೋರಿಗೆ ಎಚ್ಚರಿಕೆಯ ಒಂದು ಕಾಗದ ಕೊಟ್ಟು, ಇನ್ನು ಎರಡು ವರ್ಷ ಇರಲಿ ಅಂದರು. ಶನಿವಾರದ ಕ್ಲಾಸು ಮುಂದುವರಿಯಿತು, ಆದರೆ ಕಿಟಕಿ ಇಲ್ಲದ ನೆಲಮಾಳಿಗೆಯ ಕೋಣೆಗೆ ಹೋಯಿತು. ಗ್ಯಾರಿ ನನ್ನನ್ನು ಕರೆದು, ಸೋಮವಾರದಿಂದ ನಿನಗೆ ಕ್ರೋಯ್ಡನ್ ಅಂದ. ನಾನು ಇರುವುದು ಲಂಡನ್ನಿನ ಈ ತುದಿ, ಕ್ರೋಯ್ಡನ್ ಆ ತುದಿ. ತೆಗೆದುಹಾಕಿದರೆ ಅವರು ಕಾರಣ ಬರೆಯಬೇಕು, ದೂರ ಹಾಕಿದರೆ ನಾನೇ ಬಿಡುತ್ತೇನೆ ಎಂಬ ಉಪಾಯ. ಗ್ಯಾರಿಗೂ ಹೇಳಲು ಮನಸ್ಸಿರಲಿಲ್ಲ. ನೆಲ ನೋಡುತ್ತ ಹೇಳಿದ.

ಅಕ್ಕೋರಿಗೆ ಸಿಟ್ಟು ಬಂತು. ಸಹಿ ಹಾಕಿಸೋಣ, ಬಾಗಿಲಲ್ಲಿ ಧರಣಿ ನಿಲ್ಲೋಣ ಅಂದರು. ಬೇಡ, ಫಿಲೋಮಿನಾ ಮೊದಲು ಒಳಗೆ ಸೇರಲಿ, ಬಾಗಿಲಲ್ಲಿ ನಿಂತರೆ ಅವಳಿಗೇ ಅಡ್ಡ ಎಂದೆ. ಅವರಿಗೆ ಒಪ್ಪಿಗೆ ಇರಲಿಲ್ಲ. ಈಗಲೂ ಫೋನ್ ಮಾಡಿದಾಗ ನಾನು ತಪ್ಪು ಮಾಡಿದೆ ಅನ್ನುತ್ತಾರೆ. ಇರಬಹುದು.

ಶುಕ್ರವಾರ ನಾಲ್ಕನೇ ಮಹಡಿಯಲ್ಲಿ ನನ್ನ ಕೊನೆಯ ಶಿಫ್ಟು. ಐದು ಗಂಟೆಗೆ ಹೋದರೆ ದೀಪ ಹಚ್ಚಿತ್ತು, ಅರ್ಧ ಮಹಡಿ ಆಗಲೇ ಒರೆಸಿ ಆಗಿತ್ತು. ಫಿಲೋಮಿನಾ ನಾಲ್ಕಕ್ಕೇ ಬಂದಿದ್ದಳು. ತಿರುಗಿ ನೋಡಲಿಲ್ಲ. ನಾನು ಆ ತುದಿಯಿಂದ ಮಾಪ್ ಹಚ್ಚಿದೆ. ನಡುವೆ ಸೇರಿದಾಗ, ಒತ್ತಕ್ಷರ ಇನ್ನೂ ಬಾಕಿ ಅದಾವ, ಶನಿವಾರ ತಪ್ಪಿಸಬ್ಯಾಡ ಅಂದಳು. ಅಷ್ಟೇ.

ಮುಂದಿನ ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಫಿಲೋಮಿನಾ ಒಂದು ವರ್ಷದ ಕೋರ್ಸು ಮುಗಿಸಿ, ಅದರ ಮೇಲೆ ಇನ್ನೂ ಮೂರು ವರ್ಷ ಓದಿದಳು. ಈಗ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. ಅಕ್ಕೋರು ಎರಡು ವರ್ಷ ಮುಗಿಸಿ, ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿಯ ಕಾಲೇಜಿನಲ್ಲೂ ಶನಿವಾರ ಕ್ಲಾಸು ಇಟ್ಟಿದ್ದಾರಂತೆ.

ಆ ಕೊನೆಯ ಶಿಫ್ಟಿನ ಮೇಲಿನ ಭಾನುವಾರ ಮಗಳು ಬಾಗಲಕೋಟೆಯಿಂದ ಫೋನ್ ಮಾಡಿದಳು. ಕ್ರೋಯ್ಡನ್ನಿನ ಸುದ್ದಿ ಹೇಳಿದೆ. ಎರಡು ಬಸ್ಸು, ವಿಕ್ಟೋರಿಯಾದಿಂದ ಒಂದು ರೈಲು ಎಂದೆ.

"ಸಾಕ್ ಮಾಡ ಅವ್ವಾ. ಊರಿಗೆ ಬಾ."

"ಯಾವ ಊರಿಗೆ?"

"ಯಾವ ಊರಂದ್ರ? ನಿನ್ನ ಊರಿಗೆ."

ಹುಟ್ಟಿದ ಹಳ್ಳಿ ಗೆರೆಯ ಆಚೆ, ಅಲ್ಲಿ ಅಣ್ಣನ ಮೊಮ್ಮಕ್ಕಳು ಈಗ ಮರಾಠಿ ಮಾತಾಡುತ್ತಾರೆ. ಕೊಟ್ಟ ಮನೆ ವಿಜಯಪುರದ ಕಡೆ, ಗಂಡ ಹೋದ ಮೇಲೆ ಅದರ ಬಾಗಿಲು ಮೈದುನರದು. ಮಗಳ ಮನೆಯಲ್ಲಿ ಅವಳ ಅತ್ತೆ ಇದ್ದಾಳೆ. ಎರಡು ವರ್ಷಕ್ಕೊಮ್ಮೆ ಬಾಗಲಕೋಟೆಗೆ ಹೋದಾಗ ಅವರ ಮನೆಯ ಕಸವನ್ನು ಮೂರು ಡಬ್ಬಿಗೆ ಬೇರೆ ಮಾಡುತ್ತೇನೆ, ಮೊಮ್ಮಕ್ಕಳು ನಗುತ್ತಾರೆ. ಇಲ್ಲಿ ಥ್ಯಾಂಕ್ಸ್ ಅಂದವರಿಗೆ ಮುಯ್ಯಿ ಕೇಳುತ್ತೇನೆ, ಇವರೂ ನಗುತ್ತಾರೆ. ಮಾದೇವಿಗೆ ಇದನ್ನೆಲ್ಲ ಹೇಳಲಿಲ್ಲ. ನಾಳೆ ಲಗೂನ ಏಳಬೇಕು, ಫೋನ್ ಇಡು ಎಂದೆ.

ಮರುದಿನ ಬೆಳಿಗ್ಗೆ ನಾಲ್ಕಕ್ಕೆ ಮನೆ ಬಿಟ್ಟು ಆರಕ್ಕೆ ಕ್ರೋಯ್ಡನ್ ಮುಟ್ಟಿದೆ. ಗಾಜಿನ ಎತ್ತರದ ಆಫೀಸು, ಕೆಳಗೆ ರಸ್ತೆಯ ಮೇಲೆ ಟ್ರಾಮು. ನನಗೆ ಒಂಬತ್ತನೇ ಮಹಡಿ ಕೊಟ್ಟರು. ಎಂಟನೆಯದು ಅಬೇನಾ ಎಂಬ ಘಾನಾ ದೇಶದ ಹೆಂಗಸಿನದು. ಅವಳ ಬಲ ಭುಜ ಎತ್ತಲು ಬರುತ್ತಿರಲಿಲ್ಲ, ಕಸದ ಚೀಲಗಳನ್ನು ಎಡಗೈಯಲ್ಲಿ ಎಳೆಯುತ್ತಿದ್ದಳು. ನನ್ನದು ಮುಗಿಸಿ ಕೆಳಗೆ ಇಳಿದು, ಆರೂ ಚೀಲ ಲಿಫ್ಟಿಗೆ ಹಾಕಿಕೊಟ್ಟೆ. ಅವಳು ಎರಡು ಸಲ ಥ್ಯಾಂಕ್ಸ್ ಅಂದು ಜೇಬಿನಿಂದ ಒಂದು ಚಾಕೊಲೇಟ್ ತೆಗೆದಳು. ಅದನ್ನು ಅವಳ ಜೇಬಿಗೇ ವಾಪಸು ಹಾಕಿಸಿದೆ. ಇದು ಬೇಡ, ಎಡಗೈಯಲ್ಲಿ ಮಾಪ್ ಹಿಡಿಯಲು ಬರುತ್ತದಲ್ಲ, ನಾಳೆ ನನ್ನ ಮಹಡಿಗೆ ಬಾ ಎಂದೆ. ಮೂಲೆ ಬಿಡಬಾರದು ಎಂದೂ ಹೇಳಿದೆ.